ಚಿಗಟಕ್ಕೆ ಔಷಧಿ ಹೊಡೆದ ಮೇಲೂ ಚಿಗಟ ಕಂಡರೆ ಗಾಬರಿ ಬೇಡ

ಮಳೆ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಅಂಗಳದ ನಾಯಿ ಒಳಗೆ ಬಂದು ಮಲಗುತ್ತದೆ. ಜತೆಗೆ ಚಿಗಟವೂ ಬರುತ್ತದೆ. ಮಕ್ಕಳ ಕಾಲಿನ ಮೇಲೆ ಕೆಂಪು ಗುಳ್ಳೆ ಎದ್ದ ಮೇಲೆ ಜಿರಲೆ ಸ್ಪ್ರೇ ತಂದು ಮನೆಯೆಲ್ಲ ಹೊಡೆಯುವುದು ರೂಢಿ. ನಾಲ್ಕು ದಿನ ಸುಮ್ಮನಿದ್ದ ಚಿಗಟ ಮತ್ತೆ ಶುರು. ಕಾರಣವಿಷ್ಟೆ: ಜಿಗಿದು ಕಚ್ಚುವ ಬೆಳೆದ ಚಿಗಟಗಳು ಮನೆಯೊಳಗಿನ ಒಟ್ಟು ಸಂಖ್ಯೆಯಲ್ಲಿ ಸುಮಾರು ಶೇ 5ರಷ್ಟು ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು ಮತ್ತು ಗೂಡಿನ ರೂಪದಲ್ಲಿ ನೆಲದ ಬಿರುಕು, ಚಾಪೆಯ ಅಡಿ, ಮಂಚದ ಕೆಳಗಿನ ದೂಳಿನಲ್ಲಿರುತ್ತದೆ.

ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಮೊಟ್ಟೆ ನಾಯಿಯ ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಎಲ್ಲಿ ಮಲಗುತ್ತದೋ, ಎಲ್ಲಿ ಮೈ ಕೊಡವುತ್ತದೋ ಅಲ್ಲೆಲ್ಲ ಉದುರುತ್ತದೆ. ಈ ಮೊಟ್ಟೆ, ಮರಿಹುಳುಗಳ ಮೇಲೆ ಕೆಲಸ ಮಾಡಲೆಂದೇ ಇರುವುದು ಕೀಟ ಬೆಳವಣಿಗೆ ನಿಯಂತ್ರಕಗಳು, ಅಂದರೆ ಐಜಿಆರ್. ಪೈರಿಪ್ರಾಕ್ಸಿಫೆನ್, ಮೆಥೊಪ್ರೀನ್ ಇವುಗಳಲ್ಲಿ ಮುಖ್ಯವಾದವು. ಮರಿಹುಳು ಬೆಳೆದು ಚಿಗಟವಾಗಬೇಕಾದರೆ ಅದರ ಮೈಯಲ್ಲಿರುವ ಜುವೆನೈಲ್ ಹಾರ್ಮೋನ್ ಇಳಿಯಬೇಕು. ಐಜಿಆರ್ ಆ ಹಾರ್ಮೋನನ್ನೇ ಹೋಲುವುದರಿಂದ ಹುಳುವಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಮೊಟ್ಟೆಯೂ ಒಡೆಯುವುದಿಲ್ಲ. ಮನುಷ್ಯರಲ್ಲಿ, ನಾಯಿ ಬೆಕ್ಕುಗಳಲ್ಲಿ ಈ ಹಾರ್ಮೋನ್ ಇಲ್ಲ. ಹಾಗಾಗಿ ಹಳೆಯ ಕೀಟನಾಶಕಗಳಿಗಿಂತ ಇವುಗಳಿಂದ ನಮಗೆ ಅಪಾಯ ಕಡಿಮೆ. ಆದರೆ ಎದುರಿಗೆ ಜಿಗಿಯುತ್ತಿರುವ ಚಿಗಟ ಇದರಿಂದ ಸಾಯುವುದಿಲ್ಲ.

ಮೊದಲು ಚಿಗಟವೇ ಹೌದೋ ನೋಡಿ

ಬಿಳಿ ಕಾಲುಚೀಲ ಹಾಕಿಕೊಂಡು ನಾಯಿ ಮಲಗುವ ಜಾಗದಲ್ಲಿ ಸ್ವಲ್ಪ ಹೊತ್ತು ಓಡಾಡಿದರೆ ಕಪ್ಪು ಚುಕ್ಕೆಗಳು ಜಿಗಿದು ಕೂರುತ್ತವೆ. ನಾಯಿಯ ಬಾಲದ ಬುಡದಲ್ಲಿ ಕಪ್ಪು ಪುಡಿ ಸಿಕ್ಕರೆ ಒದ್ದೆ ಹತ್ತಿಯ ಮೇಲೆ ಉದುರಿಸಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಉಣ್ಣೆ, ಅಂದರೆ ಉಣುಗು, ಬೇರೆಯದೇ ಜೀವಿ. ಅದು ಜಿಗಿಯುವುದಿಲ್ಲ, ಕಚ್ಚಿಕೊಂಡೇ ಇರುತ್ತದೆ. ಚಿಗಟಕ್ಕೆ ಹೊಡೆದ ಐಜಿಆರ್ ಅದಕ್ಕೂ ಆಯಿತು ಎಂದುಕೊಳ್ಳಬೇಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಇದು ತಿಳಿದಿರಲೇಬೇಕು.

ನಾಯಿ, ಬೆಕ್ಕಿಗೆ ಚಿಕಿತ್ಸೆ

ಮನೆಗೆ ಔಷಧಿ ಹೊಡೆಯುವ ದಿನವೇ ಸಾಕುಪ್ರಾಣಿಗೂ ಚಿಕಿತ್ಸೆ ಆಗಬೇಕು. ಭುಜಗಳ ನಡುವೆ ಕೂದಲು ಬಿಡಿಸಿ ಚರ್ಮದ ಮೇಲೆ ಹಾಕುವ, ಫಿಪ್ರೊನಿಲ್ ಮತ್ತು ಮೆಥೊಪ್ರೀನ್ ಎರಡೂ ಇರುವ ಹನಿ ಔಷಧಿ ಸಿಗುತ್ತದೆ. ಪಶುವೈದ್ಯರ ಹತ್ತಿರ ತೂಕ, ವಯಸ್ಸು ಹೇಳಿಯೇ ತನ್ನಿ. ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಲೇಬಾರದು. ನಾಯಿಗೆಂದು ಮಾರುವ ಎಷ್ಟೋ ಪುಡಿ, ಹನಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಪ್ರಾಣ ತೆಗೆಯುತ್ತದೆ. ಫಿಪ್ರೊನಿಲ್ ಮೊಲಕ್ಕೆ ಆಗದು. ಚಿಗಟ ನುಂಗಿದ ನಾಯಿಗೆ ಲಾಡಿಹುಳು ಬರುವುದುಂಟು. ಜಂತು ಔಷಧಿಯನ್ನೂ ಆಗಲೇ ಕೇಳಿ.

ಸಿಂಪಡಿಸುವ ಮುನ್ನ

ಅರ್ಧ ಗೆಲುವು ಪೊರಕೆಯದು ಎಂದರೂ ತಪ್ಪಿಲ್ಲ. ಮಂಚ, ಸೋಫಾ ಸರಿಸಿ ಗೋಡೆಯಂಚು, ಹೊಸಿಲ ಸಂದು, ಉಪ್ಪರಿಗೆಯ ಹಲಗೆಗಳ ನಡುವೆ ಗುಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಅದುರಿಕೆಗೆ ಗೂಡಿನಲ್ಲಿರುವ ಚಿಗಟ ಹೊರಗೆ ಬರುತ್ತದೆ. ಕಸವನ್ನು ಚೀಲದಲ್ಲಿ ಕಟ್ಟಿ ಆಗಲೇ ಹೊರಗೆ ಹಾಕಿ. ಹಾಸಿಗೆ ಬಟ್ಟೆ, ನಾಯಿಯ ಹಾಸು ಕುದಿನೀರಿನಷ್ಟು ಬಿಸಿಯಲ್ಲಿ ಒಗೆಯಿರಿ. ಒಗೆಯಲಾಗದ ಕಂಬಳಿ, ಗೋಣಿಚೀಲ ಬಿಸಿಲಿಗೆ. ಜುಲೈ ತಿಂಗಳ ಮಲೆನಾಡಿನಲ್ಲಿ ಬಿಸಿಲೆಲ್ಲಿ ಎನ್ನುತ್ತೀರಿ, ಸರಿ. ಹಾಗಾದರೆ ಹಳೆಯ ಗೋಣಿಚೀಲ ಬಿಸಾಡಿ. ಅರಸೀಕೆರೆಯಂಥ ಬಯಲು ಸೀಮೆಯ ಬೇಸಿಗೆಯಲ್ಲಿ ಅಂಗಳದ ಮರಿಹುಳುಗಳನ್ನು ಬಿಸಿಲೇ ಒಣಗಿಸುತ್ತದೆ. ಅವಕ್ಕೆ ತೇವ ಬೇಕು, ನೆರಳು ಬೇಕು.

ಸಿಂಪಡಣೆ

ಗೊಬ್ಬರದಂಗಡಿಯಲ್ಲಿ ಹತ್ತಿ ಬೆಳೆಗೆಂದು ಇಟ್ಟಿರುವ ಪೈರಿಪ್ರಾಕ್ಸಿಫೆನ್ ಬಾಟಲಿ ಅಗ್ಗವೆಂದು ತಂದು ಮನೆಯೊಳಗೆ ಹೊಡೆಯಬೇಡಿ. ಹೆಸರು ಒಂದೇ ಇರಬಹುದು, ಅದರಲ್ಲಿ ಬೆರೆಸಿದ ದ್ರಾವಕ, ಸಾಂದ್ರತೆ ಬೇರೆ. ಮನೆಯೊಳಗಿನ ಬಳಕೆಗೆ ಎಂದು ಲೇಬಲ್ ಮೇಲೆ ಬರೆದಿರಬೇಕು. ಅಂಥದ್ದು ಸಿಗದಿದ್ದರೆ ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಕರೆಸಿ, ಯಾವ ಔಷಧಿ ಎಂದು ಕೇಳಿ, ಡಬ್ಬಿಯ ಲೇಬಲ್ ನೋಡಿ.

ಅಡುಗೆ ಸಾಮಾನು, ಮಕ್ಕಳ ಆಟಿಕೆ, ನಾಯಿಯ ತಟ್ಟೆ ಹೊರಗಿಡಿ. ಮೀನಿನ ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿ, ಗಾಳಿ ಪಂಪ್ ಆರಿಸಿ. ಕೈಗವಸು, ಮುಖಗವಸು ಹಾಕಿಕೊಂಡು ಲೇಬಲ್ ಹೇಳಿದ ಅಳತೆಯಲ್ಲಿ ಗೋಡೆಯಂಚು, ನೆಲದ ಬಿರುಕು, ಮಂಚದಡಿ, ನಾಯಿಯ ಮೂಲೆಗಳಿಗೆ ತೆಳ್ಳಗೆ ಹೊಡೆಯಿರಿ. ನೆಲ ಒದ್ದೆಯಾದರೆ ಸಾಕು, ಮಡುಗಟ್ಟಬಾರದು. ಹಾಸಿಗೆಯ ಮೇಲೆ, ಒಲೆಯ ಬಳಿ, ಅಕ್ಕಿ ಮೂಟೆಯ ಹತ್ತಿರ ಬೇಡ. ಪೂರ್ತಿ ಒಣಗುವವರೆಗೆ ಮಕ್ಕಳು, ಗರ್ಭಿಣಿಯರು, ಪ್ರಾಣಿಗಳು ಒಳಗೆ ಬರಬಾರದು. ಆಮೇಲೆ ಕಿಟಕಿ ತೆರೆದು ಗಾಳಿಯಾಡಿಸಿ. ಜಗುಲಿ, ಅಂಗಳಕ್ಕೆ ಮೆಥೊಪ್ರೀನ್ ಹೊಡೆದರೆ ದಂಡ. ಬಿಸಿಲಿಗೆ ಅದರ ಶಕ್ತಿ ಬೇಗ ಕುಂದುತ್ತದೆ.

ಚನ್ನರಾಯಪಟ್ಟಣದ ಕಡೆ ರೇಷ್ಮೆ ಸಾಕುವವರು ಮಾತ್ರ ಇದರ ಸಹವಾಸಕ್ಕೇ ಹೋಗಬೇಡಿ. ರೇಷ್ಮೆಹುಳುವೂ ಹುಳುವೇ. ಔಷಧಿಯ ಅಂಶ ಸೊಪ್ಪಿಗೋ ತಟ್ಟೆಗೋ ತಗುಲಿದರೆ ಹುಳು ಗೂಡು ಕಟ್ಟದೆ ಉಳಿಯುತ್ತದೆ. ಅಂಥ ಮನೆಯಲ್ಲಿ ಗುಡಿಸುವುದು, ಒಗೆಯುವುದು, ಪಶುವೈದ್ಯರ ಸಲಹೆ, ಇಷ್ಟೇ.

ನಮ್ಮಲ್ಲಿ ದಿನಾ ನೆಲ ಒರೆಸುವ ಅಭ್ಯಾಸ. ಔಷಧಿಯನ್ನು ಹೊಡೆದು ಮಾರನೆಯ ದಿನ ಫಿನೈಲ್ ಹಾಕಿ ಮೂಲೆ ಮೂಲೆ ಒರೆಸಿದರೆ ದುಡ್ಡು ನೀರುಪಾಲು. ನುಣುಪಾದ ರೆಡ್ ಆಕ್ಸೈಡ್ ನೆಲದ ನಡುಭಾಗದಲ್ಲಿ ಮೊಟ್ಟೆ ನಿಲ್ಲುವುದೂ ಕಷ್ಟ. ಅಲ್ಲಿ ಧಾರಾಳವಾಗಿ ಒರೆಸಿ. ಗೋಡೆಯಿಂದ ಒಂದು ಗೇಣು ಜಾಗ ಮಾತ್ರ ಎರಡು ವಾರ ಒಣಪೊರಕೆಗೆ ಬಿಡಿ.

ಆಮೇಲೆ ಏನಾಗುತ್ತದೆ

ರೇಷ್ಮೆಯಂಥ ಎಳೆಯ ಗೂಡಿನೊಳಗೆ ಕೂತ ಚಿಗಟಕ್ಕೆ ಯಾವ ಸ್ಪ್ರೇ ಕೂಡ ಸರಿಯಾಗಿ ತಾಗುವುದಿಲ್ಲ. ಶಾಖ, ಅದುರಿಕೆ, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸಿಕ್ಕಾಗ ಅದು ಹೊರಬರುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದು ತಿಂಗಳುಗಟ್ಟಲೆ ಬೀಗ ಹಾಕಿದ್ದ ಊರಿನ ಮನೆ ತೆರೆದವರಿಗೆ ಚಿಗಟ ಒಮ್ಮೆಲೇ ಮುತ್ತುವುದು ಇದರಿಂದಲೇ. ಔಷಧಿ ಹೊಡೆದ ಹತ್ತು ಹದಿನೈದು ದಿನಕ್ಕೆ ಹೊಸ ಚಿಗಟ ಕಂಡರೆ ಅದು ಹಳೆಯ ಗೂಡಿನದು. ಮತ್ತೆ ಡಬ್ಬಿ ಎತ್ತಬೇಡಿ, ದಿನಾ ಗುಡಿಸಿ. ರಾತ್ರಿ ದೀಪದ ಕೆಳಗೆ ಸೋಪಿನ ನೀರಿನ ತಟ್ಟೆ ಇಟ್ಟು ವಾರದಿಂದ ವಾರಕ್ಕೆ ಎಷ್ಟು ಬೀಳುತ್ತವೆ ನೋಡಿ. ಕಡಿಮೆಯಾಗುತ್ತಾ ಬಂದರೆ ದಾರಿ ಸರಿಯಿದೆ. ಪೂರ್ತಿ ನಿಲ್ಲಲು ಒಂದೆರಡು ತಿಂಗಳು ಹಿಡಿಯಬಹುದು. ಆಮೇಲೂ ಕಡಿಮೆಯಾಗದಿದ್ದರೆ ಎಲ್ಲೋ ಒಂದು ಬೀದಿ ಬೆಕ್ಕು ಅಟ್ಟದಲ್ಲಿ ಮರಿ ಹಾಕಿರಬೇಕು, ಹುಡುಕಿ.

ನಾಯಿ, ಬೆಕ್ಕು ಇಲ್ಲದ ಮನೆಯಲ್ಲಿ ಚಿಗಟ ಇದ್ದರೆ ಇಲಿಯ ಮೇಲೆ ಅನುಮಾನ ಬರಬೇಕು. ಆಗ ಇಲಿ ಪಾಷಾಣಕ್ಕೆ ಆತುರ ಬೇಡ. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯರನ್ನೇ ಹುಡುಕಿಕೊಂಡು ಬರುತ್ತದೆ. ಮೊದಲು ಚಿಗಟಕ್ಕೆ ಔಷಧಿ, ಆಮೇಲೆ ಇಲಿಗೆ. ಮನೆಯಲ್ಲಿ ಕಾರಣವಿಲ್ಲದೆ ಇಲಿಗಳು ಸಾಲಾಗಿ ಸತ್ತು ಬೀಳುತ್ತಿದ್ದರೆ ಕೈಯಿಂದ ಮುಟ್ಟದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.