ರೆಸ್ಯೂಮ್ ಕಳಿಸಿದ್ರೂ ಇಂಟರ್‌ವ್ಯೂ ಕಾಲ್ ಬರ್ತಿಲ್ವಾ? ಹೀಗೆ ತಿದ್ದಿ ನೋಡಿ

ಹತ್ತಾರು ಕಡೆ ಅಪ್ಲೈ ಮಾಡಿ ಒಂದು ಕಾಲೂ ಬರದೆ ಇದ್ದಾಗ ನನಗೇ ಯೋಗ್ಯತೆ ಇಲ್ವೇನೋ ಅಂತ ಅನ್ಸೋಕೆ ಶುರುವಾಗುತ್ತೆ. ಹಾಗೆ ಕುಗ್ಗೋದಕ್ಕೆ ಮುಂಚೆ ರೆಸ್ಯೂಮನ್ನ ಒಂದ್ಸಲ ಕೂತು ನೋಡಿ, ಚೆನ್ನಾಗಿ ಕೆಲಸ ಬಲ್ಲವರ ರೆಸ್ಯೂಮೇ ಎಷ್ಟೋ ಸಲ ಆ ಕೆಲಸವನ್ನ ತೋರಿಸ್ತಾ ಇರಲ್ಲ.

ಮೊದಲು ಜಾಬ್ ಪೋಸ್ಟಿಂಗ್ ತೆಗೆದು ನಿಧಾನಕ್ಕೆ ಓದಿ, ಅವರು ಏನೇನು ಕೇಳಿದಾರೆ ಅಂತ ಗೆರೆ ಎಳೀರಿ. ದೊಡ್ಡ ಕಂಪನಿಗಳಲ್ಲಿ ಬಂದ ಅರ್ಜಿಗಳೆಲ್ಲ ಸಾಮಾನ್ಯವಾಗಿ ಎಟಿಎಸ್ ಅನ್ನೋ ಸಾಫ್ಟ್‌ವೇರ್ ಒಳಗೆ ಹೋಗಿ ಕೂರುತ್ವೆ, ಎಚ್‌ಆರ್‌ನವರು ಅದರಲ್ಲಿ ಪದ ಹಾಕಿ ಹುಡುಕಬಹುದು. ಅವರು ‘ಬ್ಯಾಂಕ್ ರಿಕನ್ಸಿಲಿಯೇಷನ್’ (ಕಂಪನಿ ಲೆಕ್ಕವನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡೋ ಕೆಲಸ) ಅಂತ ಹುಡುಕ್ತಾ ಇರುವಾಗ ನೀವು ಬರೀ ‘ಅಕೌಂಟ್ಸ್ ನೋಡ್ತಿದ್ದೆ’ ಅಂತ ಬರೆದಿದ್ರೆ, ಮೂರು ವರ್ಷ ಅದೇ ಕೆಲಸ ಮಾಡಿದ್ರೂ ಹೆಸರು ಮೇಲೆ ಬರದೇ ಹೋಗಬಹುದು. ಅವರ ಪದವನ್ನೇ ಬಳಸಿ, ಆದ್ರೆ ಗೊತ್ತಿಲ್ಲದ್ದನ್ನ ಮಾತ್ರ ಸೇರಿಸ್ಬೇಡಿ, ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀರ.

ಆಮೇಲೆ ‘ಸವಾಲಿನ ವಾತಾವರಣದಲ್ಲಿ ನನ್ನ ಕೌಶಲ್ಯ ಬಳಸಿ ಸಂಸ್ಥೆಯ ಬೆಳವಣಿಗೆಗೆ...’ ಅಂತಿರೋ ಆಬ್ಜೆಕ್ಟಿವ್ ಅಳಿಸಿಬಿಡಿ. ಆ ಜಾಗದಲ್ಲಿ ಎರಡು-ಮೂರು ಸಾಲು ಸಾಕು: ಏನು ಕೆಲಸ, ಎಷ್ಟು ವರ್ಷ, ಯಾವುದರಲ್ಲಿ ಕೈ ಪಳಗಿದೆ.

ಈಗ ಮುಖ್ಯವಾದ ಭಾಗ, ಅಂದ್ರೆ ಅನುಭವ. ಇದಕ್ಕೆ ಒಂದಿಡೀ ಸಂಜೆ ಕೊಟ್ರೂ ತಪ್ಪಿಲ್ಲ. ಹೊಸ ಕೆಲಸ ಮೇಲೆ, ಹಳೇದು ಕೆಳಗೆ. ತುಂಬಾ ಜನ ಇಲ್ಲಿ ತಮ್ಮ ಜವಾಬ್ದಾರಿಗಳ ಪಟ್ಟಿ ಹಾಕ್ತಾರೆ, ಅದೇ ಹುದ್ದೆಯಲ್ಲಿರೋ ಎಲ್ಲರದ್ದೂ ಅದೇ ಪಟ್ಟಿ ತಾನೇ. ‘ಕಸ್ಟಮರ್ ದೂರುಗಳನ್ನ ನೋಡಿಕೊಳ್ಳುತ್ತಿದ್ದೆ’ ಅನ್ನೋ ಸಾಲು ತಗೊಳ್ಳಿ. ದಿನಕ್ಕೆ ಎಷ್ಟು ದೂರು? ಬಾಕಿ ಎಷ್ಟಿತ್ತು? ನೀವು ಬಂದ ಮೇಲೆ ಏನಾಯ್ತು? ಹೀಗೆ ನಿಮ್ಮನ್ನ ನೀವೇ ಕೇಳ್ತಾ ಹೋದ್ರೆ ಅದೇ ಸಾಲು ‘ದಿನಕ್ಕೆ ಸುಮಾರು 40 ದೂರು ನಿಭಾಯಿಸಿ, ಬಾಕಿ ಇದ್ದ 300 ದೂರುಗಳನ್ನು 2 ತಿಂಗಳಲ್ಲಿ ಮುಗಿಸಿದೆ’ ಅಂತಾಗುತ್ತೆ. ಲೆಕ್ಕ ಇಟ್ಟಿಲ್ಲ ಅಂದ್ರೆ ಎಷ್ಟು ಜನರ ಟೀಮ್, ವಾರಕ್ಕೆ ಎಷ್ಟು ಸಲ ಅಂತಾನಾದ್ರೂ ಬರೀರಿ, ಅಂದಾಜಾದ್ರೂ ಪರವಾಗಿಲ್ಲ, ಕೇಳಿದಾಗ ವಿವರಿಸೋಕೆ ಬರ್ಬೇಕು ಅಷ್ಟೇ. ಫ್ರೆಶರ್ ಆಗಿದ್ರೆ ಪ್ರಾಜೆಕ್ಟ್ ಹೆಸರು ಒಂದೇ ಹಾಕಿ ಬಿಡ್ಬೇಡಿ, ಅದರಲ್ಲಿ ನೀವು ಮಾಡಿದ್ದು ಯಾವ ಭಾಗ ಅಂತ ಹೇಳಿ. ಮಧ್ಯೆ ಗ್ಯಾಪ್ ಇದ್ರೆ ಮುಚ್ಚಿಡೋದು ಬೇಡ, ಒಂದೇ ಸಾಲಲ್ಲಿ ನೇರವಾಗಿ ಬರೆದುಬಿಡಿ.

ಡಿಸೈನ್ ವಿಷಯಕ್ಕೆ ಬಂದ್ರೆ ನನ್ನ ಮಾತು ಒಂದೇ, ಸರಳವಾಗಿರ್ಲಿ. ಒಂದೇ ಕಾಲಂ, 10ರಿಂದ 12ರ ಒಳಗಿನ ಫಾಂಟ್ ಸೈಜ್, ಫ್ರೆಶರ್‌ಗಳಿಗೆ ಒಂದು ಪುಟ, ಅನುಭವಸ್ಥರಿಗೆ ಎರಡು. ಸ್ಕಿಲ್‌ಗಳ ಮುಂದೆ ಸ್ಟಾರ್ ಹಾಕೋದು, ಟೇಬಲ್, ಬಣ್ಣದ ಪಟ್ಟಿ ಇವೆಲ್ಲ ಬೇಡವೇ ಬೇಡ. ಪಿಡಿಎಫ್ ಮಾಡಿದ ಮೇಲೆ ಅದರಲ್ಲಿರೋದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿ, ಎಡಗಡೆ ಇದ್ದ ಸಾಲು ಬಲಗಡೆಯದರ ಜೊತೆ ಕಲಸಿಕೊಂಡಿದ್ರೆ, ಇಲ್ಲಾ ಫೋನ್ ನಂಬರೇ ಮಾಯ ಆಗಿದ್ರೆ, ಸಾಫ್ಟ್‌ವೇರ್‌ಗೂ ಹಾಗೇ ಕಾಣೋ ಸಾಧ್ಯತೆ ಇದೆ. ಏನೂ ಕಾಪಿ ಆಗ್ಲೇ ಇಲ್ಲ ಅಂದ್ರೆ ಅದು ಬರೀ ಚಿತ್ರ, ಮತ್ತೆ ಮಾಡಿ.

ಕಳಿಸೋ ಮುಂಚೆ ರೆಸ್ಯೂಮನ್ನ ಬೇರೆಯವರ ಕೈಗೆ ಅರ್ಧ ನಿಮಿಷ ಕೊಟ್ಟು ವಾಪಸ್ ಇಸ್ಕೊಳ್ಳಿ, ಏನು ನೆನಪಿದೆ ಅಂತ ಕೇಳಿ. ನೀವು ಹೇಳ್ಬೇಕು ಅಂದ್ಕೊಂಡಿದ್ದು ಅವರ ಬಾಯಲ್ಲಿ ಬರ್ಲಿಲ್ಲ ಅಂದ್ರೆ ಆ ಸಾಲನ್ನ ಮೇಲಕ್ಕೆ ತನ್ನಿ.

ಫೈಲ್‌ಗೆ ‘ಫೈನಲ್2’ ಅಂತಲ್ಲ, ನಿಮ್ಮ ಹೆಸರು, ಹುದ್ದೆ ಹಾಕಿ ಸೇವ್ ಮಾಡಿ, ಜೊತೆಗೆ ಆ ಜಾಬ್ ಪೋಸ್ಟಿಂಗ್‌ದೂ ಒಂದು ಕಾಪಿ ಇಟ್ಕೊಳ್ಳಿ. ಪೋಸ್ಟಿಂಗ್‌ಗಳನ್ನ ಆಮೇಲೆ ತೆಗೆದುಬಿಡ್ತಾರೆ, ಮೂರು ವಾರ ಬಿಟ್ಟು ಕಾಲ್ ಬಂದಾಗ ಯಾರಿಗೆ ಏನು ಬರೆದು ಕಳಿಸಿದ್ದೆ ಅಂತ ತಡಕಾಡೋ ಹಾಗಾಗಬಾರದು.