ಗಿಡದ ಅಕ್ವೇರಿಯಂನ ಪಾಚಿ: ಮೊದಲು ಲೈಟ್, ಆಮೇಲೆ ಔಷಧ

ಪಾಚಿ ಕಂಡ ಕೂಡಲೇ ಔಷಧದ ಬಾಟಲಿಗೆ ಕೈ ಹಾಕಬೇಡಿ. ಗಿಡಗಳಿಗೆ ಬಳಸಿಕೊಳ್ಳಲಾಗದಷ್ಟು ಬೆಳಕು ಬಿದ್ದರೆ ಉಳಿದದ್ದನ್ನು ಪಾಚಿ ತಿನ್ನುತ್ತದೆ. ಆ ಬೆಳಕು ಹಾಗೇ ಇದ್ದರೆ ಔಷಧಕ್ಕೆ ಸತ್ತ ಪಾಚಿ ಕೆಲವೇ ವಾರಗಳಲ್ಲಿ ಮತ್ತೆ ಹಾಜರ್.

ಇಲ್ಲಿ ಕೊಟ್ಟ ಅಳತೆಗಳೆಲ್ಲ ಧಾರವಾಡದ ನನ್ನ ಮನೆಯ ಟ್ಯಾಂಕಿನವು: 2 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರ. ಗಾಜಿನ ಲೆಕ್ಕದಲ್ಲಿ 70 ಲೀಟರ್; ಮಣ್ಣು, ಕಲ್ಲು, ಕಟ್ಟಿಗೆ ಕಳೆದರೆ ನೀರು 60 ಲೀಟರ್. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಲಿಂಡರ್ ಇಲ್ಲ. ಗಿಡಗಳು ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಅನುಬಿಯಾಸ್, ಜಾವಾ ಫರ್ನ್. ಇಂಥ ಟ್ಯಾಂಕಿಗೆ ದಿನಕ್ಕೆ 6 ತಾಸು ಲೈಟ್ ಸಾಕು. ನಾನು ಸಂಜೆ 4ಕ್ಕೆ ಹಚ್ಚಿ ರಾತ್ರಿ 10ಕ್ಕೆ ಆರುವಂತೆ ಇಟ್ಟಿದ್ದೇನೆ. ಹೆಚ್ಚಿಸುವುದಾದರೆ ಗಿಡ ಹೊಸ ಎಲೆ ಬಿಡುವುದನ್ನು ನೋಡಿಕೊಂಡು ವಾರಕ್ಕೆ ಅರ್ಧ ತಾಸು, ಅದಕ್ಕಿಂತ ಹೆಚ್ಚಲ್ಲ. ಟೈಮರ್ ಕೊಳ್ಳುವಾಗ ಮುಳ್ಳು ತಿರುಗುವ ಮಾದರಿ ಬೇಡ. ಕರೆಂಟ್ ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ. ಎರಡು ತಾಸು ಕರೆಂಟ್ ಇಲ್ಲದಿದ್ದರೆ ಮರುದಿನ ಲೈಟ್ ಎರಡು ತಾಸು ತಡವಾಗಿ ಹತ್ತುತ್ತದೆ, ದಿನಾ ಹೀಗಾದರೆ ಒಂದು ವಾರದಲ್ಲಿ ಹಗಲು ರಾತ್ರಿಯೇ ಅದಲುಬದಲಾಗುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ಕಿಟಕಿಯ ಬಿಸಿಲು ಗಾಜಿಗೆ ಬೀಳುತ್ತಿದ್ದರೆ ಆ ಬದಿಗೆ ಕಪ್ಪು ಹಾಳೆ ಅಂಟಿಸಿ. ಟೈಮರ್ ಎಷ್ಟೇ ಸರಿಯಿದ್ದರೂ ಬಿಸಿಲು ಲೆಕ್ಕ ಕೆಡಿಸುತ್ತದೆ.

ಎರಡನೆಯದು ನೀರು. ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಮಲಪ್ರಭಾ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್ ನೀರಿನಲ್ಲಿ ಗಡಸುತನ. ವಾರಕ್ಕೊಮ್ಮೆ 20 ಲೀಟರ್ ಬದಲಿಸುತ್ತೇನೆ. ನಳದ ನೀರಾದರೆ ಆಂಟಿ-ಕ್ಲೋರಿನ್ ಹಾಕಿಯೇ ಬಿಡುವುದು. ಫಿಲ್ಟರ್ ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ತಾಗಿದರೆ ಅದರೊಳಗಿನ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ, ಪಾಚಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ. ಬೇಸಿಗೆಯಲ್ಲಿ ಆವಿಯಾದಷ್ಟು ಬೋರ್ ನೀರನ್ನು ಮೇಲೆ ಸುರಿಯುತ್ತಲೇ ಹೋಗುವವರಿದ್ದಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿನ ಅಂಚಿಗೆ ಬಿಳಿ ಪಟ್ಟಿ ಕಟ್ಟಿದ್ದರೆ ಕಾರಣ ಇದೇ. ಆವಿಯಾದದ್ದನ್ನು ತುಂಬಲು ಆರ್‌ಓ ನೀರು ಬಳಸಿ.

ಗೊಬ್ಬರ ಹಾಕಿದರೆ ಪಾಚಿ ಬರುತ್ತದೆ ಎಂಬ ಭಯ ಬಿಡಿ. ಹಸಿದ ಗಿಡದ ಹಳೆಯ ಎಲೆಯ ಮೇಲೇ ಪಾಚಿ ಮೊದಲು ಕೂಡುವುದು. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ 10ರಿಂದ 20 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ), ಫಾಸ್ಫೇಟ್ ಸುಮಾರು 1 ಪಿಪಿಎಂ ಇರಲಿ. ಕಡಿಮೆ ಇದ್ದರೆ ಅಕ್ವೇರಿಯಂ ಅಂಗಡಿಯ ದುಬಾರಿ ಬಾಟಲಿಯೇ ಬೇಕೆಂದಿಲ್ಲ. ಬ್ಯಾಡಗಿ ಕಡೆ ಮೆಣಸಿನಕಾಯಿ ಬೆಳೆಗೆ ಹೊಡೆಯುವ 13-0-45 ಎಂದರೆ ಪೊಟ್ಯಾಸಿಯಂ ನೈಟ್ರೇಟ್. 0-52-34 ಎಂದರೆ ಮಾನೊ ಪೊಟ್ಯಾಸಿಯಂ ಫಾಸ್ಫೇಟ್. ಎರಡೂ ಗೊಬ್ಬರದಂಗಡಿಯಲ್ಲಿ ಸಿಗುತ್ತವೆ. 13-0-45 ಅನ್ನು 50 ಗ್ರಾಂ ತೂಗಿ ಅರ್ಧ ಲೀಟರ್ ನೀರಿಗೆ ಕರಗಿಸಿ. ಅದರಲ್ಲಿ 10 ಮಿಲಿ ಹಾಕಿದರೆ 60 ಲೀಟರಿಗೆ ನೈಟ್ರೇಟ್ 10 ಪಿಪಿಎಂ ಏರುತ್ತದೆ. 0-52-34 ಬೇರೆ ಬಾಟಲಿಯಲ್ಲಿ, ಅರ್ಧ ಲೀಟರಿಗೆ 5 ಗ್ರಾಂ ಮಾತ್ರ. 10 ಮಿಲಿಗೆ ಫಾಸ್ಫೇಟ್ ಸುಮಾರು 1 ಪಿಪಿಎಂ. 19-19-19, ಯೂರಿಯಾ, ಡಿಎಪಿ ಟ್ಯಾಂಕಿನ ಹತ್ತಿರವೂ ತರಬೇಡಿ. ಅವುಗಳಲ್ಲಿರುವ, ಇಲ್ಲವೇ ನೀರಿಗೆ ಬಿದ್ದ ಮೇಲೆ ಅವುಗಳಿಂದ ಹುಟ್ಟುವ ಅಮೋನಿಯಾ ಮೀನನ್ನೇ ಕೊಲ್ಲುತ್ತದೆ. ಗಾಜಿನ ಮೇಲೆ ಗಟ್ಟಿಯಾಗಿ ಕೂತ ದುಂಡು ಹಸಿರು ಚುಕ್ಕೆಗಳು ಹೆಚ್ಚಾಗಿ ಫಾಸ್ಫೇಟ್ ಕೊರತೆಯ ಗುರುತು. ಬ್ಲೇಡಿನಿಂದ ಕೆರೆದು ತೆಗೆಯಿರಿ, ಫಾಸ್ಫೇಟ್ ಸರಿಯಾದ ಮೇಲೆ ಹೊಸದು ಬರುವುದು ಕಡಿಮೆಯಾಗುತ್ತದೆ.

ಇಷ್ಟಾದ ಮೇಲೆ ಔಷಧ, ಅದೂ ಅನುಬಿಯಾಸ್ ಎಲೆಯ ಅಂಚಿಗೆ, ಫಿಲ್ಟರ್ ಬಾಯಿಗೆ ಗಡ್ಡದ ಹಾಗೆ ಹಿಡಿಯುವ ಕಪ್ಪು ಪಾಚಿಗೆ. ಪೂರ್ತಿ ಮುಚ್ಚಿಹೋದ ಎಲೆಯನ್ನು ಕತ್ತರಿಸಿಯೇ ಬಿಡಿ. ಉಳಿದದ್ದಕ್ಕೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್. ಲೇಬಲ್ ಓದಿ: ಸಾಮಾನ್ಯವಾಗಿ ಸಿಗುವುದು 6 ಪರ್ಸೆಂಟಿನದು, ಬೇಕಾದದ್ದು 3. ಆದ್ದರಿಂದ ಸಮಸಮ ಆರ್‌ಓ ನೀರು ಬೆರೆಸಿ. 60 ಲೀಟರಿಗೆ ಬೆರೆಸಿದ್ದು ಒಂದು ಸಲಕ್ಕೆ 15 ಮಿಲಿ, ಅಷ್ಟೇ. ಫಿಲ್ಟರ್ ನಿಲ್ಲಿಸಿ, ನೀರಿನ ಓಟ ನಿಂತ ಮೇಲೆ, ಸೂಜಿ ತೆಗೆದ ಸಿರಿಂಜಿನ ತುದಿಯನ್ನು ಪಾಚಿಗೆ ತಾಗಿಸಿ ನಿಧಾನಕ್ಕೆ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. 10 ನಿಮಿಷ ಬಿಟ್ಟು ಫಿಲ್ಟರ್ ಹಚ್ಚಿ, ಅರ್ಧ ನೀರು ಬದಲಿಸಿ. ಎರಡು ಮೂರು ದಿನದಲ್ಲಿ ಕಪ್ಪು ಗಡ್ಡ ಗುಲಾಬಿ ಬಣ್ಣಕ್ಕೆ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿ ಉದುರುತ್ತದೆ. ಬಣ್ಣ ಬದಲಾಗದಿದ್ದರೆ ಔಷಧ ತಾಗಿಲ್ಲ ಎಂದರ್ಥ. ಹೆಚ್ಚು ಸುರಿಯದೆ, ಮೂರು ದಿನ ಬಿಟ್ಟು ಅದೇ ಅಳತೆಯಲ್ಲಿ ಇನ್ನೊಮ್ಮೆ ಮಾಡಿ. ಸೀಗಡಿ, ಮಾಸ್ (ಹಾವಸೆ ಜಾತಿಯ ಸಣ್ಣ ಗಿಡ) ಇದ್ದರೆ ಅವುಗಳಿಂದ ದೂರವಿರಲಿ. ಲಿಕ್ವಿಡ್ ಕಾರ್ಬನ್ ಎಂದು ಮಾರುವ ಬಾಟಲಿಗಳಲ್ಲಿ ಇರುವುದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕ ರಾಸಾಯನಿಕ. ಅದಕ್ಕೆ ವ್ಯಾಲಿಸ್ನೇರಿಯಾ ಕರಗಿಯೇ ಹೋಗುತ್ತದೆ, ಹಾಗಾಗಿ ನಾನು ಬಳಸುವುದಿಲ್ಲ.

ಹೊಸ ಟ್ಯಾಂಕಿನ ಕಂದು ಧೂಳಿನಂಥ ಪಾಚಿಗೆ ಏನೂ ಬೇಡ, ಒರೆಸುತ್ತಿರಿ, ಒಂದೆರಡು ತಿಂಗಳಲ್ಲಿ ತಾನೇ ಹೋಗುತ್ತದೆ. ನೀರೇ ಹಸಿರಾದರೆ ಲೈಟ್ ಆರಿಸಿ, ದಪ್ಪ ಚಾದರ ಸುತ್ತಿ, ಏರ್ ಪಂಪ್ ನಡೆಸುತ್ತ 4 ದಿನ ಕತ್ತಲೆ. ಆಮೇಲೆ ಅರ್ಧ ನೀರು ಬದಲಿಸಿ. ಮಣ್ಣಿನ ಮೇಲೆ ಹಾಳೆಯ ಹಾಗೆ ಏಳುವ, ನಾರುವ ನೀಲಿಹಸಿರು ಲೋಳೆಗೂ ಇದೇ ಕತ್ತಲೆ, ಆದರೆ ಮೊದಲು ಪೈಪಿನಿಂದ ಎಳೆದು ತೆಗೆಯಬೇಕು, ಮತ್ತು ಅಲ್ಲಿ ನೀರಿನ ಓಟ ಹೆಚ್ಚಿಸಬೇಕು.

ಪಾಚಿ ತಿನ್ನಲೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು 2 ಅಡಿ ಟ್ಯಾಂಕಿಗೆ ಬೇಡವೇ ಬೇಡ. ಅದು ಒಂದಡಿಗೂ ಮೀರಿ ಬೆಳೆಯುತ್ತದೆ, ಬೆಳೆದಂತೆ ಪಾಚಿ ಬಿಟ್ಟು ಮೀನಿನ ಕಾಳನ್ನೇ ತಿನ್ನುತ್ತದೆ, ಅದರ ಹೊಲಸೇ ಮುಂದಿನ ಪಾಚಿಗೆ ಗೊಬ್ಬರ. ಗಾಜಿನ ಚುಕ್ಕೆಗೆ ನೆರೈಟ್ ಬಸವನಹುಳು 3 ಸಾಕು. ಸಿಹಿನೀರಿನಲ್ಲಿ ಅದರ ಮರಿ ಬದುಕುವುದಿಲ್ಲ, ಸಂಖ್ಯೆ ಏರುವ ಚಿಂತೆಯೂ ಇಲ್ಲ.