ಥಂಡಿಗೆ ಬೆಳ್ಳಗಾಗುವ ಬೆರಳುಗಳು

ಬೀದರ್‌ನಲ್ಲಿ ಡಿಸೆಂಬರ್, ಜನವರಿ ಬಂದರೆ ಥಂಡಿ ಜೋರು. ನನ್ನ ಬೆರಳಿಗೆ ಅಷ್ಟೂ ಬೇಕಿಲ್ಲ. ಫ್ರಿಜ್‌ನಿಂದ ಹಾಲಿನ ಪಾಕೀಟು ತೆಗೆದರೂ ಸಾಕು, ಎರಡು ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತವೆ. ಆಮೇಲೆ ನೀಲಿ. ರಕ್ತ ವಾಪಸ್ ಬರುವಾಗ ಕೆಂಪಗಾಗಿ ಉರಿಯುತ್ತವೆ. ಕಾಲ್ಬೆರಳಿಗೂ ಇದೇ ಕಥೆ.

ಇದಕ್ಕೆ ರೇನಾಡ್ಸ್ ಅಂತಾರೆ. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ಡಾಕ್ಟರ್ ಮಾರಿಸ್ ರೇನೋ ಅವರ ಹೆಸರು. ಥಂಡಿಗೆ ಎಲ್ಲರ ರಕ್ತನಾಳಗಳೂ ಬಿಗಿಯುತ್ತವೆ, ನಮ್ಮವು ಅತಿ ಮಾಡುತ್ತವೆ. ಮನೆಯಲ್ಲಿ ಮಾತ್ರ ‘ರಕ್ತ ಕಮ್ಮಿ ಆಗ್ಯಾದ, ಗಜ್ಜರಿ ತಿನ್ನು’ ಎಂದೇ ವರ್ಷಗಟ್ಟಲೆ ಹೇಳಿದರು. ಹಿಮೋಗ್ಲೋಬಿನ್ ಸರಿಯೇ ಇತ್ತು!

ಡಾಕ್ಟರು ಉಗುರಿನ ಬುಡಕ್ಕೆ ಲೆನ್ಸ್ ಹಿಡಿದು ನೋಡಿದರು, ಎಎನ್‌ಎ ರಕ್ತಪರೀಕ್ಷೆ ಬರೆದರು. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಲೂಪಸ್, ಸ್ಕ್ಲೆರೋಡರ್ಮಾದಂಥ ಕಾಯಿಲೆ ಇದ್ದರೂ ಹೀಗಾಗುತ್ತದೆ, ಅದಕ್ಕೆ. ನನಗೆ ಅವು ಇರಲಿಲ್ಲ. ಮೂವತ್ತು ದಾಟಿದ ಮೇಲೆ ಶುರುವಾದರೆ, ಒಂದೇ ಕೈಗೆ ಬಂದರೆ, ಬೆರಳ ತುದಿ ಹುಣ್ಣಾದರೆ ತಡ ಮಾಡಬೇಡಿ.

ಕೈಗವಸಿಗಿಂತ ಸ್ವೆಟರ್ರೇ ನನಗೆ ಹೆಚ್ಚು ಕೆಲಸಕ್ಕೆ ಬಂತು. ಎದೆ, ಹೊಟ್ಟೆ ಬೆಚ್ಚಗಿಲ್ಲದಿದ್ದರೆ ದೇಹ ಶಾಖ ಉಳಿಸಲು ಮೊದಲು ಕೈಕಾಲಿನ ರಕ್ತವನ್ನೇ ಕಡಿಮೆ ಮಾಡುತ್ತದೆ. ಹಾಗಾಗಿ ಸ್ಕೂಟಿ ಹತ್ತುವ ಮುಂಚೆ, ಮನೆಯೊಳಗೇ ಸ್ವೆಟರ್, ಸಾಕ್ಸ್, ಗವಸು ಎಲ್ಲ ಹಾಕಿಕೊಳ್ಳುತ್ತೇನೆ. ಕೈ ತಣ್ಣಗಾದ ಮೇಲೆ ಹಾಕಿದರೆ ಪ್ರಯೋಜನ ಕಮ್ಮಿ. ಜೋಳದ ಹಿಟ್ಟು ನಾದುವುದು ಹೇಗೂ ಬಿಸಿನೀರಲ್ಲಿ, ಅದು ಸುಖ. ಭಾಂಡೆ ತೊಳೆಯುವುದೇ ಕಷ್ಟ. ರಬ್ಬರ್ ಗವಸಿನೊಳಗೆ ತೆಳ್ಳಗಿನ ಹತ್ತಿ ಗವಸು ಹಾಕುತ್ತೇನೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ತಣ್ಣನೆ ಅಂಬಲಿಯ ಲೋಟವನ್ನು ಸೆರಗಿನಲ್ಲಿ ಹಿಡಿಯುತ್ತೇನೆ. ನಗುವವರು ನಗಲಿ.

ಬೇಸಿಗೆಯಲ್ಲಿ ಆರಾಮ ಅಂದುಕೊಳ್ಳಬೇಡಿ. ಹೊರಗೆ ನಲವತ್ತು ಡಿಗ್ರಿ, ಬ್ಯಾಂಕಿನೊಳಗೆ ಎಸಿ. ಆ ಏರುಪೇರೇ ಸಾಕು. ಗಾಬರಿಯಾದರೂ ಬರುತ್ತದೆ.

ಬೆರಳು ಬೆಳ್ಳಗಾದಾಗ ಒಲೆ ಮುಂದೆ ಹಿಡಿಯಬೇಡಿ. ಮರಗಟ್ಟಿದ ಬೆರಳಿಗೆ ಸುಟ್ಟಿದ್ದೂ ತಿಳಿಯುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ. ಹೊರಗಿದ್ದರೆ ನಾನು ತೋಳನ್ನು ಗರಗರ ತಿರುಗಿಸುತ್ತೇನೆ. ನೋಡುವವರಿಗೆ ವಿಚಿತ್ರ, ಕೆಲಸ ಮಾತ್ರ ಆಗುತ್ತದೆ.

ಥಂಡಿಗಾಲಕ್ಕೆ ಡಾಕ್ಟರು ನಿಫೆಡಿಪಿನ್ ಮಾತ್ರೆ ಕೊಡುತ್ತಾರೆ. ರಕ್ತನಾಳ ಸಡಿಲಾಗುತ್ತದೆ, ಆದರೆ ನನಗೆ ಪಾದ ಬಾತುಕೊಳ್ಳುತ್ತವೆ, ತಲೆನೋವೂ ಇರುತ್ತದೆ. ಯುಗಾದಿ ಹೊತ್ತಿಗೆ ಅವರನ್ನು ಕೇಳಿಯೇ ನಿಲ್ಲಿಸುತ್ತೇನೆ. ಬೀಡಿ, ಸಿಗರೇಟು ಸೇದುವವರು ಮಾತ್ರೆಗಿಂತ ಮೊದಲು ಅದನ್ನು ಬಿಡಬೇಕು. ಬಿಪಿಗೆ, ಮೈಗ್ರೇನಿಗೆ ಕೊಡುವ ಕೆಲವು ಮಾತ್ರೆಗಳು, ಮೂಗು ಕಟ್ಟಿದಾಗ ನುಂಗುವ ಕೆಲವು ಗುಳಿಗೆಗಳು ಇದನ್ನು ಜಾಸ್ತಿ ಮಾಡುತ್ತವೆ. ಅದಕ್ಕೇ ಸುಮ್ನೆ ನೆಗಡಿಗೆ ಹೋದರೂ ರೇನಾಡ್ಸ್ ಇದೆ ಎಂದು ಮೊದಲೇ ಹೇಳುತ್ತೇನೆ.